ಖಾಲಿ ಟ್ಯಾಕ್ಸಿಗಳ ಲೆಕ್ಕ: ನಗರದ ಟ್ಯಾಕ್ಸಿ ವ್ಯವಸ್ಥೆಗೆ ಗಣಿತ ಮಾದರಿ ಕಟ್ಟುವ ಬಗೆ

ನಗರದ ಟ್ಯಾಕ್ಸಿ ವ್ಯವಸ್ಥೆಯ ಮಾದರಿ ಕಟ್ಟಲು ಹೊರಟವರು ಸಾಮಾನ್ಯವಾಗಿ ನಕಾಶೆ ಮತ್ತು ಕೋಡ್‌ನಿಂದ ಆರಂಭಿಸುತ್ತಾರೆ. ಅದಕ್ಕೂ ಮೊದಲು ಒಂದೇ ಹಾಳೆಯಲ್ಲಿ ಮುಗಿಯುವ ಲೆಕ್ಕವೊಂದನ್ನು ಮಾಡಿಕೊಳ್ಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಆ ಲೆಕ್ಕವಿಲ್ಲದಿದ್ದರೆ ಸಿಮ್ಯುಲೇಷನ್ (ಕಂಪ್ಯೂಟರಿನಲ್ಲಿ ನಡೆಸುವ ಅನುಕರಣೆ) ಕೊಡುವ ಉತ್ತರವು ನಗರದ ಗುಣವೋ ಕೋಡ್‌ನ ದೋಷವೋ ಎಂದು ತಿಳಿಯುವ ದಾರಿಯೇ ಇರುವುದಿಲ್ಲ.

ಕರೆದಲ್ಲಿಗೆ ಬರುವ ಟ್ಯಾಕ್ಸಿಗಳನ್ನು ಮಾತ್ರ ಇಲ್ಲಿ ಪರಿಗಣಿಸೋಣ. ಯಾವುದೇ ಕ್ಷಣದಲ್ಲಿ ಪ್ರತಿ ಟ್ಯಾಕ್ಸಿಯೂ ಮೂರು ಸ್ಥಿತಿಗಳಲ್ಲಿ ಒಂದರಲ್ಲಿರುತ್ತದೆ: ಖಾಲಿಯಾಗಿರುತ್ತದೆ, ಕರೆದವರ ಕಡೆಗೆ ಹೊರಟಿರುತ್ತದೆ, ಇಲ್ಲವೇ ಸವಾರಿಯಲ್ಲಿರುತ್ತದೆ. ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ನಿಯಮದ ಪ್ರಕಾರ, ಒಂದು ಸ್ಥಿತಿಯಲ್ಲಿರುವ ಟ್ಯಾಕ್ಸಿಗಳ ಸರಾಸರಿ ಸಂಖ್ಯೆಯು ಆ ಸ್ಥಿತಿಗೆ ಬಂದು ಸೇರುವ ದರ ಮತ್ತು ಅದರಲ್ಲಿ ಕಳೆಯುವ ಸರಾಸರಿ ಸಮಯ ಇವೆರಡರ ಗುಣಲಬ್ಧ. ಇನ್ನು ಹತ್ತಿರದ ಖಾಲಿ ಟ್ಯಾಕ್ಸಿ ಎಷ್ಟು ದೂರದಲ್ಲಿದೆ ಎಂಬುದು ಬೇಕು. ಟ್ಯಾಕ್ಸಿಗಳು ಊರ ತುಂಬ ಯಾದೃಚ್ಛಿಕವಾಗಿ ಹರಡಿದ್ದು, ಬೀದಿಗಳು ಚೌಕಜಾಲದಂತಿದ್ದರೆ, ಊರಿನ ವಿಸ್ತೀರ್ಣವನ್ನು ಖಾಲಿ ಟ್ಯಾಕ್ಸಿಗಳ ಸಂಖ್ಯೆಯಿಂದ ಭಾಗಿಸಿ, ಅದರ ವರ್ಗಮೂಲವನ್ನು 0.63ರಿಂದ ಗುಣಿಸಿದರೆ ಆ ಸರಾಸರಿ ದೂರ ಸಿಗುತ್ತದೆ.

ಒಂದು ಕಲ್ಪಿತ ಊರನ್ನು ತೆಗೆದುಕೊಳ್ಳಿ: ವಿಸ್ತೀರ್ಣ 60 ಚದರ ಕಿಲೋಮೀಟರ್, ನಿಮಿಷಕ್ಕೆ 20 ಕರೆ, ಸರಾಸರಿ ಸವಾರಿ 15 ನಿಮಿಷ, ವೇಗ ಗಂಟೆಗೆ 12 ಕಿಲೋಮೀಟರ್. ಸವಾರಿಯಲ್ಲೇ 300 ಟ್ಯಾಕ್ಸಿಗಳಿರುತ್ತವೆ. 60 ಟ್ಯಾಕ್ಸಿಗಳು ಖಾಲಿ ಇದ್ದರೆ ಹತ್ತಿರದ್ದು 0.63 ಕಿಲೋಮೀಟರ್ ದೂರದಲ್ಲಿರುತ್ತದೆ. ಅದು ಬಂದು ತಲುಪಲು ಸುಮಾರು 3.15 ನಿಮಿಷ ಬೇಕಾಗುವುದರಿಂದ 63 ಟ್ಯಾಕ್ಸಿಗಳು ದಾರಿಯಲ್ಲಿರುತ್ತವೆ. ಒಟ್ಟು 423. ಖಾಲಿ ಟ್ಯಾಕ್ಸಿಗಳನ್ನು 15ಕ್ಕೆ ಇಳಿಸಿದರೆ ವಾಹನಗಳು ಉಳಿಯುತ್ತವೆ ಎಂದು ತೋರಬಹುದು. ಆದರೆ ದೂರವು ಎರಡು ಪಟ್ಟಾಗಿ, ದಾರಿಯಲ್ಲಿರುವವು 126 ಆಗಿ, ಅಗತ್ಯವಾದ ಒಟ್ಟು ಸಂಖ್ಯೆ 441ಕ್ಕೆ ಏರುತ್ತದೆ! ಅತಿ ಕಡಿಮೆ ವಾಹನಗಳು ಸಾಕಾಗುವುದು ಸುಮಾರು 39 ಖಾಲಿ ಇರುವಾಗ, ಆಗಿನ ಒಟ್ಟು 417.

ಈ ವಿಷಯದ ತಿರುಳಿರುವುದು ಇಲ್ಲಿಯೇ. 423 ಟ್ಯಾಕ್ಸಿಗಳ ಊರಿನಲ್ಲಿ ಲೆಕ್ಕವು 60 ಖಾಲಿ ಇದ್ದಾಗಲೂ ಸರಿಹೊಂದುತ್ತದೆ, ಸುಮಾರು 24 ಖಾಲಿ ಇದ್ದಾಗಲೂ ಸರಿಹೊಂದುತ್ತದೆ. ಖಾಲಿ ಸಂಖ್ಯೆ 24ಕ್ಕಿಂತ ಮೇಲಿದ್ದರೆ ವ್ಯವಸ್ಥೆ ಮತ್ತೆ 60ರ ಕಡೆಗೆ ಚೇತರಿಸಿಕೊಳ್ಳುತ್ತದೆ; ಅದಕ್ಕಿಂತ ಕೆಳಗಿಳಿದರೆ ಚಾಲಕರು ದೂರದೂರದ ಕರೆಗಳಿಗೆ ಓಡುವುದರಲ್ಲೇ ಸಮಯ ಕಳೆದು, ಕಾಯುವವರ ಸಾಲು ಬೆಳೆಯುತ್ತಲೇ ಹೋಗುತ್ತದೆ. ಕರೆಗಳು ಯಾದೃಚ್ಛಿಕವಾಗಿ ಬರುವಾಗ ಸವಾರಿಯಲ್ಲಿರುವವುಗಳ ಸಂಖ್ಯೆಯು 300ರ ಆಚೀಚೆ ಸುಮಾರು 17ರಷ್ಟು ಪ್ರಮಾಣಿತ ವಿಚಲನೆಯಿಂದ (ಸರಾಸರಿಯ ಸುತ್ತ ಸಾಮಾನ್ಯವಾಗಿ ಆಗುವ ಏರಿಳಿತದ ಅಳತೆ) ಹೊಯ್ದಾಡುವುದರಿಂದ ಇಂಥ ಕುಸಿತ ಅಪರೂಪದ್ದೇನಲ್ಲ. ಸರಾಸರಿಯ ಸಮೀಕರಣ ಈ ಹೊಯ್ದಾಟವನ್ನು ಕಾಣಲಾರದು. ಸಿಮ್ಯುಲೇಷನ್ ಬೇಕಾಗುವುದು ಈ ಕಾರಣಕ್ಕೆ.

ಸಿಮ್ಯುಲೇಷನ್ನಿನಲ್ಲಿ ಗಡಿಯಾರವನ್ನು ಸೆಕೆಂಡು ಸೆಕೆಂಡಾಗಿ ನಡೆಸಬೇಕಿಲ್ಲ. ಕರೆ ಬಂದದ್ದು, ಹತ್ತಿಸಿಕೊಂಡದ್ದು, ಇಳಿಸಿದ್ದು ಎಂಬ ಮೂರು ಘಟನೆಗಳ ಪಟ್ಟಿಯನ್ನಿಟ್ಟುಕೊಂಡು ಒಂದರಿಂದ ಮುಂದಿನದಕ್ಕೆ ನೆಗೆದರೆ ಸಾಕು. ಪೈಥಾನ್‌ನ ಸಿಮ್‌ಪೈ ಎಂಬ ತಂತ್ರಾಂಶ ಸಂಗ್ರಹ ಇದಕ್ಕೆ ಅನುಕೂಲಕರ. ರಸ್ತೆಯ ದಟ್ಟಣೆಯೂ ಮುಖ್ಯವಾದರೆ ಜರ್ಮನಿಯ ಅಂತರಿಕ್ಷಯಾನ ಕೇಂದ್ರ ರೂಪಿಸಿದ ಸುಮೋ ಎಂಬ ಸಂಚಾರ ಸಿಮ್ಯುಲೇಷನ್ ತಂತ್ರಾಂಶವಿದೆ. ಕರೆಗಳನ್ನು ಪ್ರತಿ ಗಂಟೆಗೂ ಬೇರೆ ದರವಿರುವ ಪ್ವಾಸಾನ್ ಪ್ರಕ್ರಿಯೆಯಾಗಿ (ಕರೆಗಳು ಒಂದನ್ನೊಂದು ಅವಲಂಬಿಸದೆ ಯಾದೃಚ್ಛಿಕವಾಗಿ ಬರುವ ಮಾದರಿ) ಹುಟ್ಟಿಸಿ. ಪ್ರತಿ ಕರೆಗೂ ಹತ್ತಿರದ ಖಾಲಿ ಟ್ಯಾಕ್ಸಿಯನ್ನು ಕಳುಹಿಸಬಹುದು, ಅಥವಾ ಹತ್ತು ಸೆಕೆಂಡುಗಳ ಕರೆಗಳನ್ನು ಕೂಡಿಹಾಕಿ, ಹೆರಾಲ್ಡ್ ಕುನ್ 1955ರಲ್ಲಿ ಪ್ರಕಟಿಸಿದ ಹಂಗೇರಿಯನ್ ವಿಧಾನದಿಂದ, ಒಟ್ಟು ದೂರ ಅತಿ ಕಡಿಮೆಯಾಗುವಂತೆ, ಒಟ್ಟಿಗೆ ಹಂಚಬಹುದು. ನಿಗದಿತ ದೂರದಾಚೆಗೆ ಟ್ಯಾಕ್ಸಿ ಕಳುಹಿಸದಿರುವ ನಿಯಮವನ್ನೂ ಪರೀಕ್ಷಿಸಿ, ಏಕೆಂದರೆ ಮೇಲೆ ಹೇಳಿದ ಕುಸಿತವನ್ನು ತಡೆಯುವ ಸರಳ ಉಪಾಯವದು. ಪ್ರತಿ ಘಟನೆಯ ನಂತರ ಮೂರೂ ಸ್ಥಿತಿಗಳ ಮೊತ್ತವು ಒಟ್ಟು ಟ್ಯಾಕ್ಸಿಗಳ ಸಂಖ್ಯೆಗೆ ಸಮವಿದೆಯೇ ಎಂದು ಒಂದು ಸಾಲಿನಲ್ಲಿ ಪರಿಶೀಲಿಸಿ; ಟ್ಯಾಕ್ಸಿಯೊಂದು ಎರಡು ಕಡೆ ಎಣಿಕೆಯಾಗುವ ತಪ್ಪು ಅಲ್ಲಿಯೇ ಸಿಕ್ಕಿಬೀಳುತ್ತದೆ.

ಮೊದಲ ಓಟವನ್ನು ಕಲ್ಪಿತ ಊರಿನ ಮೇಲೆ, ಕುಸಿತದಿಂದ ದೂರವಿರುವಂತೆ 500 ಟ್ಯಾಕ್ಸಿಗಳನ್ನಿಟ್ಟು ಮಾಡಿ. ಸುಮಾರು 162 ಖಾಲಿ ಇದ್ದು, ಕಾಯುವ ಸಮಯ 1.9 ನಿಮಿಷದ ಹತ್ತಿರವಿರಬೇಕು; ಊರಿನ ಅಂಚಿನ ಕರೆಗಳ ದೆಸೆಯಿಂದ ತುಸು ಹೆಚ್ಚಿದ್ದರೆ ಚಿಂತಿಸಬೇಕಿಲ್ಲ. ಬಹಳ ವ್ಯತ್ಯಾಸ ಬಂದರೆ ನಿಜವಾದ ದತ್ತಾಂಶವನ್ನು ಇನ್ನೂ ಮುಟ್ಟಬೇಡಿ.

ದತ್ತಾಂಶಕ್ಕೆ ನ್ಯೂಯಾರ್ಕ್ ಒಳ್ಳೆಯ ಆಯ್ಕೆ. ಅಲ್ಲಿನ ಟ್ಯಾಕ್ಸಿ ಆಯೋಗವು 2009ರಿಂದೀಚೆಗಿನ ಹಳದಿ ಟ್ಯಾಕ್ಸಿಗಳ ಸವಾರಿ ದಾಖಲೆಗಳನ್ನು ತಿಂಗಳುವಾರು ಮುಕ್ತವಾಗಿ ಕೊಡುತ್ತದೆ. ಆದರೆ ಅವು ಬೀದಿಯಲ್ಲಿ ಕೈತೋರಿಸಿ ಹತ್ತುವ ಟ್ಯಾಕ್ಸಿಗಳು. ನಮ್ಮ ಮಾದರಿಗೆ ಹೊಂದುವುದು, 2019ರ ಫೆಬ್ರುವರಿಯಿಂದ ದೊರೆಯುವ ಆ್ಯಪ್ ಆಧಾರಿತ ಸವಾರಿಗಳ ದಾಖಲೆ. ಅದರಲ್ಲಿ ಕರೆ ಮಾಡಿದ ಸಮಯ, ಹತ್ತಿದ ಸಮಯ ಎರಡೂ ಇರುವುದರಿಂದ ಕಾಯುವಿಕೆಯನ್ನು ನೇರವಾಗಿ ಹೋಲಿಸಬಹುದು. ಶೂನ್ಯ ದೂರದ ಸವಾರಿ, ಋಣ ಬಾಡಿಗೆ ಮುಂತಾದ ಸಾಲುಗಳನ್ನು ಮೊದಲು ತೆಗೆದುಹಾಕಿ. ದಾಖಲೆಯಲ್ಲಿರುವುದು ನಡೆದ ಸವಾರಿಗಳು ಮಾತ್ರ, ಕಾದು ಬೇಸತ್ತು ಹೊರಟುಹೋದವರು ಅಲ್ಲಿಲ್ಲ ಎಂಬುದನ್ನು ಮರೆಯಬಾರದು. ಹಳದಿ ಟ್ಯಾಕ್ಸಿಗಳ ಸವಾರಿ ಸಂಜೆ ನಾಲ್ಕೈದರ ಹೊತ್ತಿಗೆ ಇಳಿಯುವುದನ್ನು ಕಂಡು ಬೇಡಿಕೆ ಕುಗ್ಗಿತೆಂದು ಬರೆದರೆ ತಪ್ಪಾಗುತ್ತದೆ. ಅದು ಚಾಲಕರು ಪಾಳಿ ಬದಲಿಸುವ ವೇಳೆ.

ಪ್ರತಿ ಓಟದ ಆರಂಭದ, ವ್ಯವಸ್ಥೆ ಇನ್ನೂ ಸ್ಥಿರಗೊಳ್ಳದ ಒಂದೆರಡು ಗಂಟೆಗಳ ಫಲಿತಾಂಶವನ್ನು ಕೈಬಿಡಿ, ಕನಿಷ್ಠ ಮೂವತ್ತು ಬೇರೆ ಬೇರೆ ಯಾದೃಚ್ಛಿಕ ಬೀಜಗಳಿಂದ (ಯಾದೃಚ್ಛಿಕ ಸಂಖ್ಯೆಗಳ ಸರಣಿಯನ್ನು ಆರಂಭಿಸುವ ಸಂಖ್ಯೆಗಳಿಂದ) ಓಡಿಸಿ. ಎರಡು ನಿಯಮಗಳನ್ನು ಹೋಲಿಸುವಾಗ ಮಾತ್ರ ಎರಡಕ್ಕೂ ಅದೇ ಬೀಜಗಳನ್ನು ಕೊಡಿ, ಇಲ್ಲವಾದರೆ ನಿಯಮದ ಗುಣ ಯಾವುದು, ಅದೃಷ್ಟ ಯಾವುದು ಎಂದು ಬೇರ್ಪಡಿಸಲಾಗದು. ವರದಿಯಲ್ಲಿ ಸರಾಸರಿ ಕಾಯುವಿಕೆಯ ಪಕ್ಕದಲ್ಲಿಯೇ, ನೂರರಲ್ಲಿ ತೊಂಬತ್ತು ಜನ ಎಷ್ಟು ನಿಮಿಷದೊಳಗೆ ಹತ್ತಿದರು ಮತ್ತು ಎಷ್ಟು ಓಟಗಳಲ್ಲಿ ಸಾಲು ಕರಗದೆ ಉಳಿಯಿತು ಎಂಬುದನ್ನು ತಪ್ಪದೆ ಬರೆಯಿರಿ.