ಕಪ್ಪಿನಿಂದ ಓದಿದ ಸಲೋಮೆ

ಇಂಗ್ಲೆಂಡಿನ ಚಿತ್ರಕಾರ ಆಬ್ರಿ ಬಿಯರ್ಡ್ಸ್‌ಲಿಯ ‘ದಿ ಕ್ಲೈಮ್ಯಾಕ್ಸ್’ ಚಿತ್ರದ ಕಥೆ ಮೊದಲ ನೋಟಕ್ಕೇ ತಿಳಿದುಬಿಡುತ್ತದೆ. ಬೈಬಲಿನ ಸಂತ ಸ್ನಾನಿಕ ಯೋಹಾನನನ್ನು ಮೋಹಿಸಿ, ಕೊನೆಗೆ ಕೊಲ್ಲಿಸಿದ ರಾಜಕುಮಾರಿ ಸಲೋಮೆ, ಅವನ ಕಡಿದ ತಲೆಯನ್ನು ಎರಡೂ ಕೈಯಲ್ಲಿ ಎತ್ತಿ, ಮುಖಕ್ಕೆ ಮುಖ ಕೊಟ್ಟಿದ್ದಾಳೆ. ಆಸ್ಕರ್ ವೈಲ್ಡ್ ಫ್ರೆಂಚ್‌ನಲ್ಲಿ ಬರೆದ ‘ಸಲೋಮೆ’ ನಾಟಕದ 1894ರ ಇಂಗ್ಲಿಷ್ ಆವೃತ್ತಿಗೆಂದು ಬರೆದದ್ದು ಇದು. ಕಥೆ ಗೊತ್ತಾದ ಮೇಲೆ ಕಣ್ಣಿಗೆ ಸೋಮಾರಿತನ ಬರುತ್ತದೆ. ಅದಕ್ಕೇ ನಾನು ಕಥೆಯನ್ನು ಪಕ್ಕಕ್ಕಿಟ್ಟು, ಮುದ್ರಿತ ಪ್ರತಿಯ ಮೇಲೆ ಟ್ರೇಸಿಂಗ್ ಪೇಪರ್ ಹಾಸಿ, ಕಪ್ಪಿರುವ ಜಾಗಗಳನ್ನಷ್ಟೇ ಮಸಿಯಿಂದ ತುಂಬುತ್ತಾ ಹೋದೆ.

ಎಲ್ಲೂ ಬೂದು ಸಿಗಲಿಲ್ಲ. ಸಿಗುವಂತೆಯೂ ಇರಲಿಲ್ಲ: ಇದು ಲೈನ್ ಬ್ಲಾಕ್‌ಗೆಂದೇ ಬರೆದ ಚಿತ್ರ. ಫೋಟೋ ಮೂಲಕ ಸತುವಿನ ತಗಡಿಗೆ ಇಳಿಸಿ, ಗೆರೆ ಬಿಟ್ಟು ಉಳಿದದ್ದನ್ನು ಆಮ್ಲದಿಂದ ತಿನ್ನಿಸುತ್ತಿದ್ದರು. ಆಮೇಲೆ ಮಸಿ ಹತ್ತಬೇಕು, ಇಲ್ಲವೇ ಹತ್ತಬಾರದು. ಅಚ್ಚುಮೊಳೆಯ ಕಾಲದಲ್ಲಿ ಕನ್ನಡ ಪತ್ರಿಕೆಗಳಿಗೆ ಬ್ಲಾಕ್ ಮಾಡಿಸಿದವರಿಗೆ ಈ ಕಟ್ಟುಪಾಡು ಚೆನ್ನಾಗಿ ಗೊತ್ತು. ಬಿಯರ್ಡ್ಸ್‌ಲಿ ಅದನ್ನೇ ತನ್ನ ಶೈಲಿ ಮಾಡಿಕೊಂಡ. ನೆರಳಿಲ್ಲದೆ ದೇಹದ ಭಾರ ಕಳೆದುಹೋಗಿದೆ. ಮಂಡಿಯೂರಿದ ಸಲೋಮೆಯ ಕೆಳಗೆ ನೆಲವೇ ಇಲ್ಲ. ಜಪಾನಿನ ಮರದಚ್ಚಿನ ಚಿತ್ರಗಳ ಋಣ ಇಲ್ಲಿ ಎದ್ದು ಕಾಣುತ್ತದೆ.

ಆಮೇಲೆ ನಿಬ್ ಹಿಡಿದು ರಕ್ತದ ಜಾಡು ಹಿಡಿದೆ. ತಲೆಯಿಂದ ಇಳಿದ ರಕ್ತ ಕೆಳಗಿನ ಕರಿಯ ಕೊಳ ಸೇರುತ್ತದೆ; ಆ ಕೊಳದಿಂದಲೇ ಒಂದು ಲಿಲ್ಲಿ ಎದ್ದಿದೆ. ರಕ್ತಕ್ಕೂ ಕೂದಲಿಗೂ ಹೂವಿಗೂ ಗೆರೆಯ ಓಟ ಒಂದೇ, ನಾಜೂಕೂ ಒಂದೇ ಎಂದು ಕಣ್ಣಿಗಿಂತ ಮೊದಲು ನನ್ನ ಕೈಗೆ ತಿಳಿಯಿತು. ಭೀಕರವಾದದ್ದನ್ನು ಬರೆಯುವಾಗ ಬಿಯರ್ಡ್ಸ್‌ಲಿಯ ಕೈ ಒಂದಿಷ್ಟೂ ಬಿಗಿದಿಲ್ಲ. ಇಂಥ ಕಲೆಯನ್ನು ‘ಡೆಕಡೆಂಟ್’, ಅಂದರೆ ಅವನತಿಯಲ್ಲೇ ಸೊಗಸು ಕಾಣುವ ಕಲೆ, ಎನ್ನುತ್ತಾರಲ್ಲ, ನನ್ನ ಮಟ್ಟಿಗೆ ಅದರ ತಿರುಳು ಈ ಸಮಭಾವದಲ್ಲಿದೆ. ಸಲೋಮೆ ಪಾಪಿ ಎಂದು ಹೇಳುವ ಒಂದು ಗೆರೆಯನ್ನೂ ಅವನು ಎಳೆದಿಲ್ಲ.

ಲಿಲ್ಲಿಯ ಬಳಿ ನಾನು ಬಹಳ ಹೊತ್ತು ನಿಂತೆ. ಕ್ರೈಸ್ತ ಚಿತ್ರಗಳಲ್ಲಿ ಅದು ಮೇರಿಯ ಪರಿಶುದ್ಧತೆಯ ಗುರುತು. ಆದರೆ ನಾಟಕದಲ್ಲಿ ಯೋಹಾನನ ಮೈಯನ್ನು ಹೊಲದ ಲಿಲ್ಲಿಗೆ ಹೋಲಿಸುವವಳು ಸಲೋಮೆಯೇ. ಹಾಗಾಗಿ ಈ ಹೂವನ್ನು ಸಂತನ ಪಾವಿತ್ರ್ಯ ಎನ್ನುವುದಕ್ಕಿಂತ, ಅವಳ ಬಯಕೆ ಬಿಟ್ಟ ಹೂ ಎಂದೇ ನಾನು ಓದುತ್ತೇನೆ.

ಇದೇ ದೃಶ್ಯದ ಮೊದಲ ರೂಪ 1893ರ ಏಪ್ರಿಲ್‌ನಲ್ಲಿ, ‘ದಿ ಸ್ಟುಡಿಯೋ’ ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ಬಂದಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟುಕೊಳ್ಳಿ. ಹಳೆಯದರಲ್ಲಿ ಕೂದಲೆಳೆಯಂಥ ಗೆರೆಗಳ ಸಂದಣಿ. ‘ನಿನ್ನ ತುಟಿಗೆ ಮುತ್ತಿಟ್ಟೆ’ ಎಂಬ ಫ್ರೆಂಚ್ ಸಾಲೂ ಚಿತ್ರದೊಳಗೇ ಇದೆ. ಪುಸ್ತಕಕ್ಕೆ ಬರುವಷ್ಟರಲ್ಲಿ ಸಂದಣಿ ಕರಗಿದೆ, ಸಾಲು ಹೋಗಿದೆ. 21ರ ಹುಡುಗ, ತನಗೆ ಹೆಸರು ತಂದ ಚಿತ್ರವನ್ನೇ ಒಂದು ವರ್ಷದೊಳಗೆ ಇಷ್ಟು ನಿರ್ದಾಕ್ಷಿಣ್ಯವಾಗಿ ತಿದ್ದಿದ.