ಕಾಲುಚೀಲಕ್ಕೆ ಅಂಟಿದ ಶರತ್ಕಾಲ

ಮೂರು ವರ್ಷದ ಹಿಂದಿನ ಮಾತು. ಪಕ್ಕದ ಮನೆಯ ಹುಡುಗಿ ಶಾಲೆಗೆಂದು ಶರತ್ಕಾಲದ ಚಿತ್ರ ಬರೆದು ನನಗೆ ತೋರಿಸಲು ತಂದಿದ್ದಳು. ಕಿತ್ತಳೆ ಬಣ್ಣದ ಮರ, ಬುಡದಲ್ಲಿ ಕಿತ್ತಳೆ ಎಲೆಗಳ ರಾಶಿ. ಒಂದೊಂದು ಎಲೆಗೂ ಐದು ಚೂಪು ತುದಿ. ಮೇಪಲ್ ಎಲೆ ಅದು.

"ಇದನ್ನ ಎಲ್ಲಿ ನೋಡಿದೆ ಪುಟ್ಟಿ?" ಅಂತ ಕೇಳಿದೆ.

"ಬುಕ್ಕಲ್ಲಿ ಆಂಟಿ. ನಮ್ಮ ಬೆಂಗಳೂರಲ್ಲಿ ಆಟಮ್ ಬರಲ್ಲ ಅಲ್ವಾ?"

ಶರತ್ಕಾಲದ ಶೀಗಿ ಹುಣ್ಣಿಮೆ ಕಳೆದು ಇನ್ನೂ ನಾಲ್ಕು ದಿನವಾಗಿತ್ತು ಅಷ್ಟೇ. ಕಿಟಕಿಯಿಂದ ಆಕಾಶಮಲ್ಲಿಗೆಯ ವಾಸನೆ ಬರುತ್ತಿತ್ತು. ನಮ್ಮೂರ ಕಡೆ, ಹಾವೇರಿ ಜಿಲ್ಲೆಯಲ್ಲಿ, ಆ ಹುಣ್ಣಿಮೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಅಂದರೆ ಭೂತಾಯಿಗೆ ಅಂತ ಹೊಲದಲ್ಲಿ ಎಡೆ ಎರಚಿ, ಅಲ್ಲೇ ಕೂತು ಊಟ ಮಾಡಿ ಬರುತ್ತೇವೆ. ಶರತ್ಕಾಲ ನಮ್ಮಲ್ಲಿ ಬರೋದೇ ಇಲ್ಲ ಅಂತ ಎಂಟು ವರ್ಷದ ಮಗು ನಂಬಿಕೊಂಡಿದೆಯಲ್ಲ ಅಂತ ನನಗೆ ಬಹಳ ಬೇಜಾರಾಯಿತು. ಅದೇ ವಾರ ಬೀದಿಯ ಮಕ್ಕಳನ್ನೆಲ್ಲ ಕರೆದುಕೊಂಡು ಹೊರಟೆ.

ಆ ಮೊದಲ ನಡಿಗೆ ಚೆನ್ನಾಗಿ ಆಗಲಿಲ್ಲ. ಇಪ್ಪತ್ತೆರಡು ಮಕ್ಕಳು, ನನ್ನ ಕೈಯಲ್ಲಿ ಮರಗಳ ಪಟ್ಟಿ. ಒಂದೊಂದು ಮರದ ಕೆಳಗೆ ನಿಲ್ಲಿಸುವುದು, ಹೆಸರು ಹೇಳುವುದು, ಬರೆದುಕೊಳ್ಳಿ ಅನ್ನುವುದು. ಅರ್ಧ ಗಂಟೆಯಲ್ಲಿ ಮಕ್ಕಳಿಗೆ ಸಾಕಾಯಿತು. ಆಗ ಒಬ್ಬ ಹುಡುಗ ನೆಲದ ಮೇಲೆ ಬಿದ್ದಿದ್ದ ನೀರುಕಾಯಿ ಮರದ ಮೊಗ್ಗೊಂದನ್ನು ಹೆಕ್ಕಿ ಸುಮ್ನೆ ಹಿಚುಕಿದ. ತುದಿಯಿಂದ ನೀರು ಚಿಮ್ಮಿ ಪಕ್ಕದವನ ಮುಖಕ್ಕೆ ಬಿತ್ತು. ಅಷ್ಟೇ. ಇಪ್ಪತ್ತೆರಡೂ ಮಕ್ಕಳು ನೆಲ ಹುಡುಕತೊಡಗಿದರು. "ಆಂಟಿ, ಇದರೊಳಗೆ ನೀರು ಯಾರು ತುಂಬಿದ್ದು?" "ಇದು ಮಳೆ ನೀರಾ?" ಪಟ್ಟಿ ಹಿಡಿದು ನಾನು ಮಾಡಲು ಹೊರಟಿದ್ದನ್ನು ಒಂದು ಮೊಗ್ಗು ಮಾಡಿ ತೋರಿಸಿತು. ಆ ನೀರು ಮಳೆಯದ್ದಲ್ಲ, ಎಳೆ ಹೂವನ್ನು ಕಾಪಾಡಲು ಮರವೇ ಮೊಗ್ಗಿನ ಹೊರಕವಚದೊಳಗೆ ಒಸರುವಂಥದ್ದು. ಅಲ್ಲಿಂದಾಚೆ ಹೆಸರನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಮೊದಲು ಕೈಗೆ ಏನಾದರೂ ಸಿಗಬೇಕು.

ಈಗ ಒಂಬತ್ತು ಮಕ್ಕಳಿಗಿಂತ ಜಾಸ್ತಿ ಕರೆದುಕೊಂಡು ಹೋಗುವುದಿಲ್ಲ. ಜೊತೆಗೆ ಮೂವರು ದೊಡ್ಡವರು. ಹಿಂದಿನ ದಿನ ನಾನೊಬ್ಬಳೇ ಅದೇ ದಾರಿಯಲ್ಲಿ ನಡೆದು ಬರುತ್ತೇನೆ. ಎಲ್ಲಿ ಕೆಸರಿದೆ, ಎಲ್ಲಿ ಹೆಜ್ಜೇನು ಕಟ್ಟಿದೆ, ಯಾವ ಪೊದೆಯಲ್ಲಿ ಜೇಡ ಕೂತಿದೆ ಅಂತ ನೋಡಿಕೊಳ್ಳದೆ ಮಕ್ಕಳನ್ನು ಕಾಡಿಗೆ ಕರೆದೊಯ್ಯಬಾರದು ಅನ್ನುವುದು ನನ್ನ ಮಟ್ಟಿಗೆ ಗಟ್ಟಿ ನಿಯಮ. ಬೆಂಗಳೂರಲ್ಲಿ ವರ್ಷದ ಅತಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್‌ನಲ್ಲಿ. ಅಕ್ಟೋಬರ್ ಕೂಡ ಹೆಚ್ಚು ಹಿಂದಿಲ್ಲ. ಹಾಗಾಗಿ ದಿನ ಗೊತ್ತು ಮಾಡಿದರೂ ಎರಡನೇ ದಿನವೊಂದನ್ನು ಇಟ್ಟುಕೊಂಡಿರುತ್ತೇನೆ.

ಬೆಳಿಗ್ಗೆ ಆರೂಕಾಲಿಗೆ ನಮ್ಮ ಬಡಾವಣೆಯ ಪಾರ್ಕಿನಲ್ಲಿ ಸೇರುತ್ತೇವೆ. ಅಷ್ಟು ಬೇಗ ಯಾಕೆ ಅಂದರೆ ಆಕಾಶಮಲ್ಲಿಗೆ. ಅದು ರಾತ್ರಿ ಅರಳಿ ಬೆಳಗಾಗುವಾಗ ಉದುರುವ ಹೂ. ಏಳು ಗಂಟೆಗೆ ಕಸ ಗುಡಿಸುತ್ತಾರೆ, ಆಮೇಲೆ ಹೋದರೆ ಬರೀ ನೆಲ. ಹೋದ ವರ್ಷ ಹಿಂದಿನ ದಿನವೇ ಪಾರ್ಕು ಗುಡಿಸುವ ಅಕ್ಕನನ್ನು ಕಂಡು, "ಅಕ್ಕಾ, ನಾಳೆ ಈ ಒಂದು ಮರದ ಕೆಳಗೆ ಮಾತ್ರ ಗುಡಿಸಬೇಡಿ, ಮಕ್ಕಳಿಗೆ ತೋರಿಸಬೇಕು" ಅಂತ ಕೇಳಿಕೊಂಡೆ. ಅವರು ಆಗಲಿ ಅಂದರು. ಮರುದಿನ ನೋಡಿದರೆ ಅವರೇ ಅಲ್ಲಿ ಕಾಯುತ್ತಿದ್ದರು. ಮಕ್ಕಳನ್ನು ಕೂರಿಸಿಕೊಂಡು, ದಾರವೇ ಇಲ್ಲದೆ, ಆ ಉದ್ದ ತೊಟ್ಟುಗಳನ್ನೇ ಜಡೆ ಹಾಗೆ ಹೆಣೆದು ಮಾಲೆ ಮಾಡುವುದನ್ನು ಕಲಿಸಿದರು. ಪಾವಗಡದ ಕಡೆಯವರಂತೆ. ಚಿಕ್ಕಂದಿನಲ್ಲಿ ಶಾಲೆಯ ಅಂಗಳದಲ್ಲಿ ಕಲಿತದ್ದು ಅಂದರು. ಆ ಹತ್ತು ನಿಮಿಷ ನಾನು ಬಾಯಿ ಬಿಡಲಿಲ್ಲ. ಬಿಡುವ ಅಗತ್ಯವೂ ಇರಲಿಲ್ಲ.

ಮಾಲೆ ಕೈಯಲ್ಲಿರುವಾಗಲೇ ಕೇಳಿದೆ: "ಹೂವಿನ ಕೊಳವೆ ಎಷ್ಟು ಉದ್ದ ಇದೆ ನೋಡಿ. ತಳದಲ್ಲಿರುವ ಜೇನನ್ನು ಕುಡಿಯೋರು ಯಾರು?" ಜೇನುನೊಣ ಅಂದರು, ಹಕ್ಕಿ ಅಂದರು. ರಾತ್ರಿ ಅರಳುವ ಹೂ ಅಂತ ನೆನಪಿಸಿದ ಮೇಲೆ ಒಬ್ಬಳು "ಪತಂಗ!" ಅಂದಳು. ಹೌದು, ಉದ್ದ ಸೊಂಡಿಲಿನ ಗಿಡುಗ ಪತಂಗ. ಕತ್ತಲಲ್ಲಿ ಅದಕ್ಕೆ ಕಾಣಲಿ ಅಂತ ಬಿಳಿ ಬಣ್ಣ, ದೂರದಿಂದ ಗೊತ್ತಾಗಲಿ ಅಂತ ವಾಸನೆ. ಈ ಮರದ ಮೂಲ ಮ್ಯಾನ್ಮಾರ್ ಕಡೆ. ನಮ್ಮಲ್ಲಿ ಇದು ಬೀಜ ಕಟ್ಟುವುದು ತೀರಾ ಅಪರೂಪ, ಬೇರಿನಿಂದಲೇ ಹೊಸ ಸಸಿ ಏಳುತ್ತದೆ. ತೊಗಟೆ ಒತ್ತಿ ನೋಡಿದರೆ ಮೆತ್ತಗೆ, ಹಿಂದೆ ಬಾಟಲಿಯ ಬಿರಡೆಗೆ ಬಳಸುತ್ತಿದ್ದರು.

ಬೆಂಗಳೂರಲ್ಲಿ ಯಾವ ತಿಂಗಳು ಹೋದರೂ ಒಂದಲ್ಲ ಒಂದು ಮರ ಹೂಬಿಟ್ಟಿರುತ್ತದೆ. ಇದು ಸುಮ್ನೆ ಆದದ್ದಲ್ಲ. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನಿಯ ತೋಟಗಾರ ಕ್ರುಂಬಿಗಲ್, ಒಂದು ಮುಗಿಯುವಾಗ ಇನ್ನೊಂದು ಅರಳುವ ಹಾಗೆ ಲೆಕ್ಕ ಹಾಕಿ ಬೀದಿ ಮರಗಳನ್ನು ಆರಿಸಿದರು. ಅವರ ಲೆಕ್ಕದ ಫಲವನ್ನು ನಾವು ಇವತ್ತೂ ಉಣ್ಣುತ್ತಿದ್ದೇವೆ.

ಪಾರ್ಕಿನ ಮೂಲೆಯಲ್ಲಿ ಒಂದು ಸಪ್ತಪರ್ಣಿ ಇದೆ. ಅಕ್ಟೋಬರ್‌ನಲ್ಲಿ ಹಸಿರು ಬಿಳಿ ಗೊಂಚಲು ಬಿಟ್ಟು ಇಡೀ ರಸ್ತೆಗೆ ಘಾಟು ವಾಸನೆ ಹಬ್ಬಿಸುತ್ತದೆ. ಮಕ್ಕಳಿಗೆ ಎಲೆ ಎಣಿಸಲು ಹೇಳಿದೆ. ಕೆಲವು ಕಡೆ ಏಳು ಇತ್ತು, ಕೆಲವು ಕಡೆ ಐದು, ಆರು. ಜೊತೆಗೆ ಬಂದಿದ್ದ ಪುತ್ತೂರಿನ ತಾಯಿಯೊಬ್ಬರು ಅದನ್ನು ನೋಡಿದ್ದೇ, "ಅಯ್ಯೋ, ಇದು ನಮ್ಮ ಪಾಲೆ ಮರ ಅಲ್ವಾ!" ಅಂದರು. ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಯ ದಿನ ಸೂರ್ಯ ಹುಟ್ಟುವ ಮೊದಲೇ ಹೋಗಿ, ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ ಇದರ ತೊಗಟೆ ತೆಗೆದು ಕಷಾಯ ಮಾಡಿ ಕುಡಿಯುತ್ತಾರೆ. ಐದು ವರ್ಷದಿಂದ ಅವರು ಅದೇ ಮರದ ಕೆಳಗೆ ವಾಕಿಂಗ್ ಮಾಡುತ್ತಿದ್ದರಂತೆ, ಊರಿನ ಮರ ಇಲ್ಲಿದೆ ಅಂತ ಗೊತ್ತೇ ಇರಲಿಲ್ಲ. ಬೇರೆ ಮರವನ್ನು ಪಾಲೆ ಅಂದುಕೊಂಡು ತೊಗಟೆ ತಂದರೆ ವಿಷವಾದೀತು, ಗೊತ್ತಿರುವ ಹಿರಿಯರೇ ತರಬೇಕು ಅಂತ ಅವರೇ ಮಕ್ಕಳಿಗೆ ಎಚ್ಚರಿಕೆ ಹೇಳಿದರು.

ಪಾರ್ಕಿನಿಂದ ತುರಹಳ್ಳಿ ಕಾಡಿಗೆ ಹೋಗುತ್ತೇವೆ. ಕನಕಪುರ ರಸ್ತೆ ಮತ್ತು ಬನಶಂಕರಿ ಆರನೇ ಹಂತದ ನಡುವೆ ಉಳಿದಿರುವ ಸುಮಾರು 600 ಎಕರೆ ಕಾಡು ಅದು. ಬಂಡೆ, ಕುರುಚಲು ಪೊದೆ, ಹಿಂದೆ ನೆಟ್ಟ ನೀಲಗಿರಿ, ನಡುನಡುವೆ ಹೊಂಗೆ, ಜಾಲಿ, ಬಂದರಿಕೆ ಗಿಡ. ಒಳಗೆ ಬಿಡುವ ಸಮಯವನ್ನು ಮೊದಲೇ ವಿಚಾರಿಸಿಕೊಂಡಿರುತ್ತೇನೆ. ಕಾಡಿನ ಅಂಚಿನಲ್ಲಿ ಎಲ್ಲರೂ ಮನೆಯಿಂದ ತಂದ ಹಳೆ ಕಾಲುಚೀಲಗಳನ್ನು ಶೂ ಮೇಲೆ ಏರಿಸಿಕೊಳ್ಳಬೇಕು. ಅಪ್ಪಂದಿರದ್ದಾದರೆ ಒಳ್ಳೆಯದು, ದೊಡ್ಡದಿರುತ್ತದೆ. ಯಾಕೆ ಅಂತ ನಾನು ಹೇಳುವುದಿಲ್ಲ.

ಬೆಳಗಿನ ಇಬ್ಬನಿ ಇರುವಾಗ ಜೇಡರ ಬಲೆ ನೋಡಬೇಕು. ಮಳೆಗಾಲವಿಡೀ ಹುಳ ತಿಂದು ಬೆಳೆದ ಹೆಣ್ಣು ಜೇಡಗಳು ಈಗ ಪೂರ್ತಿ ಗಾತ್ರಕ್ಕೆ ಬಂದಿರುತ್ತವೆ. ಒಂದು ಜಾತಿಯದ್ದು ತಲೆ ಕೆಳಗೆ ಮಾಡಿ, ಕಾಲುಗಳನ್ನು ಜೋಡಿ ಜೋಡಿಯಾಗಿ ಚಾಚಿ, ಗುಣಾಕಾರದ ಚಿಹ್ನೆಯ ಹಾಗೆ ಕೂರುತ್ತದೆ. ಕಾಲಿನ ಸಾಲಿಗೇ ಬಲೆಯಲ್ಲಿ ಅಂಕುಡೊಂಕು ಬಿಳಿ ದಾರ. ಸಹಿ ಹಾಕಿದ ಹಾಗಿರುವುದರಿಂದ ಸಿಗ್ನೇಚರ್ ಸ್ಪೈಡರ್ ಅನ್ನುತ್ತಾರೆ. ಆ ಸಹಿ ಯಾಕೆ ಅನ್ನುವುದಕ್ಕೆ ವಿಜ್ಞಾನಿಗಳಲ್ಲೇ ಒಮ್ಮತ ಇಲ್ಲ. ಇದನ್ನು ಹೇಳಿದಾಗ ಮಕ್ಕಳ ಮುಖ ನೋಡಬೇಕು. ದೊಡ್ಡವರಿಗೂ ಉತ್ತರ ಸಿಗದ ಪ್ರಶ್ನೆಗಳು ಇನ್ನೂ ಇವೆ ಅಂದರೆ ಅವರಿಗೆ ಎಷ್ಟು ಖುಷಿ! ಬಲೆಯ ಅಂಚಿನಲ್ಲಿ ಪುಟ್ಟ ಗಂಡನ್ನು ಹುಡುಕಲು ಭೂತಗನ್ನಡಿ ಬೇಕು.

ನೀಲಗಿರಿ ದಾಟಿದ ಮೇಲೆ ಎಲ್ಲರನ್ನೂ ಕೂರಿಸಿ ಒಬ್ಬೊಬ್ಬರ ಅಂಗೈಗೂ ಹತ್ತು ರೂಪಾಯಿ ನಾಣ್ಯ ಇಡುತ್ತೇನೆ. ಕಣ್ಣು ಮುಚ್ಚಿ ಅದರ ಭಾರ ನೋಡಿ ಅನ್ನುತ್ತೇನೆ. ನಾಣ್ಯದ ತೂಕ ಸುಮಾರು 7.7 ಗ್ರಾಂ. ಮೇಲೆ ಎಲೆಗಳ ನಡುವೆ ಚೀವಿ, ಚೀವಿ ಅಂತ ಓಡಾಡುತ್ತಿರುವ ಹಸಿರು ಮಿಶ್ರಿತ ಉಲಿಯಕ್ಕಿಯ ತೂಕವೂ ಹೆಚ್ಚುಕಡಿಮೆ ಅಷ್ಟೇ. ಹಿಮಾಲಯ ಮತ್ತು ಅದರಾಚೆಯ ಮಧ್ಯ ಏಷ್ಯಾದಲ್ಲಿ ಮರಿ ಮಾಡಿ, ಚಳಿಗೆ ಮುಂಚೆ ಹಾರಿ ಇಲ್ಲಿಗೆ ಬರುತ್ತದೆ. ಹೋದ ವರ್ಷ ಒಬ್ಬ ಹುಡುಗ ಮನೆಗೆ ಹೋಗುವವರೆಗೂ ನಾಣ್ಯವನ್ನು ಮುಷ್ಟಿಯಲ್ಲೇ ಹಿಡಿದುಕೊಂಡಿದ್ದ.

ಬಿಸಿಲು ಏರಿದರೆ ಚಿಟ್ಟೆಗಳು ಶುರು. ಬ್ಲೂ ಟೈಗರ್, ಡಾರ್ಕ್ ಬ್ಲೂ ಟೈಗರ್, ಕಾಮನ್ ಕ್ರೋ. ಇವು ಮುಂಗಾರು ಶುರುವಾಗುವ ಹೊತ್ತಿಗೆ ಪಶ್ಚಿಮ ಘಟ್ಟದ ಜೋರು ಮಳೆ ತಪ್ಪಿಸಿಕೊಂಡು ಪೂರ್ವದ ಬಯಲಿಗೆ ಹೋಗುತ್ತವೆ. ಮಳೆ ಕಡಿಮೆಯಾದ ಮೇಲೆ, ಅಕ್ಟೋಬರ್ ನವೆಂಬರ್ ಸುಮಾರಿಗೆ, ಹಿಂತಿರುಗುವ ಹಾರಾಟ ನಡೆಯುತ್ತದೆ. ಬೆಂಗಳೂರು ಅವುಗಳ ದಾರಿಯಲ್ಲೇ ಇದೆ. ಮಕ್ಕಳನ್ನು ಬಂಡೆಯ ಮೇಲೆ ಕೂರಿಸಿ ಒಬ್ಬರಿಗೆ ದಿಕ್ಸೂಚಿ, ಒಬ್ಬರಿಗೆ ಗಡಿಯಾರ ಕೊಟ್ಟು, ಯಾವ ಕಡೆಗೆ ಎಷ್ಟು ಹೋದವು ಅಂತ ಎಣಿಸಲು ಹೇಳಿದೆ. ಎಲ್ಲವೂ ಸಾಲಾಗಿ ಪಡುವಣಕ್ಕೆ ಹೋಗಲಿಲ್ಲ, ಕೆಲವು ಅಲ್ಲೇ ಸುತ್ತುತ್ತಿದ್ದವು. ಆದರೆ ಜಾಸ್ತಿ ಗುರುತು ಬಿದ್ದದ್ದು ಪಡುವಣದ ಕಡೆಗೇ.

ಸುತ್ತುತ್ತಿದ್ದವು ಎಲ್ಲಿ ಕೂರುತ್ತವೆ ನೋಡೋಣ ಅಂತ ಹಿಂದೆ ಹೋದೆವು. ಒಣ ಕಾಯಿ ಅಲ್ಲಾಡಿಸಿದರೆ ಗಿಲಕಿಯ ಹಾಗೆ ಸದ್ದು ಮಾಡುವ ಗಿಡವೊಂದಿದೆ. ನಾವು ಊರಲ್ಲಿ ಗಿಲಿಗಿಲಿ ಗಿಡ ಅನ್ನುತ್ತಿದ್ದೆವು. ಅದರ ಬಾಡಿದ ಕಡ್ಡಿಗೆ ಐದಾರು ಚಿಟ್ಟೆ ಅಂಟಿಕೊಂಡು ಹೀರುತ್ತಿದ್ದವು. ಹೂವಲ್ಲ, ಒಣಗುತ್ತಿರುವ ಕಡ್ಡಿ! ಹೀಗೆ ಬರುವವು ಹೆಚ್ಚಾಗಿ ಗಂಡುಗಳು. ಆ ಗಿಡದ ಕಹಿ ರಸದಿಂದಲೇ ಹೆಣ್ಣನ್ನು ಕರೆಯುವ ಗಂಧ ತಯಾರಿಸಿಕೊಳ್ಳುತ್ತವೆ. ಮೈಯಲ್ಲಿ ಆ ಕಹಿ ಇರುವುದರಿಂದ ಹಕ್ಕಿಗಳೂ ಮುಟ್ಟಲು ಹಿಂಜರಿಯುತ್ತವೆ. ಅಲ್ಲಿ ನಾವು ಮುಕ್ಕಾಲು ಗಂಟೆ ಇದ್ದೆವು. ಮುಂದಿನ ಬಂಡೆಗೆ ಹೋಗಬೇಕು ಅಂದುಕೊಂಡಿದ್ದೆ, ಬಿಟ್ಟೆ. ಇಡೀ ಬೆಳಿಗ್ಗೆ ಕಾಡಿನೊಳಗೆ ನಡೆದದ್ದು ಒಂದು ಕಿಲೋಮೀಟರೂ ಇರಲಿಕ್ಕಿಲ್ಲ.

ಹಿಂತಿರುಗುವಾಗ ಆ ಚಿತ್ರ ಬರೆದಿದ್ದ ಹುಡುಗಿ, ಈಗ ಹನ್ನೊಂದು ವರ್ಷ, ನಾಟಿ ಬಾದಾಮಿ ಮರದ ಒಂದೇ ಒಂದು ಕೆಂಪು ಎಲೆ ತಂದು ಕೊಟ್ಟಳು. "ಇದು ಯಾಕೆ ಒಂದೇ ಕೆಂಪಾಗಿದೆ? ಬೇರೆ ಮರ ಯಾಕೆ ಆಗಿಲ್ಲ?" ಒಳ್ಳೆ ಪ್ರಶ್ನೆ. ಚಳಿ ದೇಶದ ಮರಗಳಿಗೆ ಹಗಲು ಚಿಕ್ಕದಾಗಿ ಹಿಮ ಬೀಳುವ ಮೊದಲು ಎಲೆ ಕಳಚಿಕೊಳ್ಳಬೇಕು. ನಮ್ಮ ಮರಗಳಿಗೆ ಕಷ್ಟ ಕೊಡುವುದು ಹಿಮವಲ್ಲ, ನೀರಿನ ಕೊರತೆ. ಈಗಷ್ಟೇ ಮಳೆ ಬಿದ್ದು ನೆಲ ತೇವವಾಗಿದೆ, ಎಲೆ ಯಾಕೆ ಬಿಡಬೇಕು? ಮುತ್ತುಗ, ಬೂರುಗ ಬೋಳಾಗುವುದು ಸಂಕ್ರಾಂತಿ ಕಳೆದ ಮೇಲೆ, ನೆಲ ಒಣಗಿದಾಗ. ನಮ್ಮ ಶರತ್ಕಾಲ ಬೀಜ ಬಲಿಯುವ ಕಾಲ.

ಆಗ ಕಾಲು ನೋಡಿಕೊಳ್ಳಿ ಅಂದೆ.

ಒಂಬತ್ತು ಜೊತೆ ಕಾಲುಚೀಲದ ತುಂಬ ಬೀಜ. ಉತ್ತರಾಣಿಯದ್ದೇ ಜಾಸ್ತಿ, ಹುಲ್ಲಿನ ಮುಳ್ಳುಬೀಜ, ಇನ್ನೇನೇನೋ. ಭೂತಗನ್ನಡಿಯಲ್ಲಿ ಉತ್ತರಾಣಿಯ ಚೂಪು ತುದಿ ನೋಡಿ, ಹೇಗೆ ಹಿಡಿದುಕೊಳ್ಳುತ್ತದೆ ಅಂತ ಅವರೇ ಕಂಡುಕೊಂಡರು. ಉತ್ತರಾಣಿ ಕಂಡರೆ ನನಗೆ ಹಟ್ಟಿ ಹಬ್ಬ ನೆನಪಾಗುತ್ತದೆ. ದೀಪಾವಳಿಯ ಪಾಡ್ಯದ ದಿನ ಅವ್ವ ಸಗಣಿಯಲ್ಲಿ ಹಟ್ಟೆವ್ವನನ್ನು ಮಾಡಿ, ಅದಕ್ಕೆ ಉತ್ತರಾಣಿ ಕಡ್ಡಿ, ಚೆಂಡು ಹೂ ಸಿಕ್ಕಿಸುತ್ತಿದ್ದಳು. ಬೆಳಿಗ್ಗೆ ಬದುವಿಗೆ ಹೋಗಿ ಆ ಕಡ್ಡಿ ತರುವುದು ನನ್ನ ಕೆಲಸ. ಲಂಗದ ಅಂಚಿಗೆಲ್ಲ ಬೀಜ ಅಂಟಿಸಿಕೊಂಡು ಬರುತ್ತಿದ್ದೆ. ಮಕ್ಕಳಿಗೆ ಇದನ್ನು ಹೇಳಿದಾಗ ಒಬ್ಬಳು ನಾಲ್ಕು ಕಡ್ಡಿ ಕೇಳಿ ಇಸಿದುಕೊಂಡಳು, ಅವಳ ಅಜ್ಜಿ ಗದಗದವರು.

ಕಾಲುಚೀಲಗಳನ್ನು ಒಗೆಯಬೇಡಿ. ಹಳೆ ಟ್ರೇಯಲ್ಲಿ ಎರಡು ಬೆರಳು ಮಣ್ಣು ಹರಡಿ, ಕಾಲುಚೀಲ ಮಲಗಿಸಿ, ಮೇಲೆ ತೆಳ್ಳಗೆ ಮಣ್ಣು ಉದುರಿಸಿ ದಿನಾ ನೀರು ಚಿಮುಕಿಸಿ. ನಮ್ಮ ಮಹಡಿಯ ಮೇಲೆ ಹೀಗೆ ಮೂರು ಟ್ರೇ ಇಟ್ಟೆವು. ಮೊದಲು ಹುಲ್ಲು ಬಂತು, ಆಮೇಲೆ ಉತ್ತರಾಣಿ. ಒಂದು ತುಂಬೆ ಗಿಡವೂ ಎದ್ದಿತು, ಅದು ಮಣ್ಣಿನಲ್ಲೇ ಇತ್ತೋ ಏನೋ. ಒಂದು ಸಸಿ ಮಾತ್ರ ಯಾವುದು ಅಂತ ನನಗೂ ತಿಳಿಯಲಿಲ್ಲ. ಎಲೆ ಎದುರುಬದುರು, ಕಾಂಡ ಚೌಕ. ಮಕ್ಕಳು ಅದನ್ನು ಬೇರೆ ಕುಂಡಕ್ಕೆ ಬದಲಾಯಿಸಿದ್ದಾರೆ. ಶಾಲೆ ಬಿಟ್ಟ ಮೇಲೆ ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿ ಬಂದು, ಮೊಗ್ಗು ಬಂತಾ ಅಂತ ನೋಡಿ ಹೋಗುತ್ತಾರೆ.