ಗಂಟಲು ನೋವು ಬಿಡುತ್ತಿಲ್ಲ, ಮತ್ತೆ ಡಾಕ್ಟರ ಹತ್ತಿರ ಹೋಗಬೇಕಾ? ಇಂಗ್ಲೆಂಡಿಗೆ ಹೊಸದಾಗಿ ಬಂದವರಿಗೆ

ಇಂಗ್ಲೆಂಡಿಗೆ ಬಂದ ಮೊದಲ ಚಳಿಗಾಲದಲ್ಲಿ ಗಂಟಲು ನೋವು ಬಾರದವರು ಕಡಿಮೆ. ಮಕ್ಕಳು ನರ್ಸರಿಗೆ ಸೇರಿದ್ದರಂತೂ ಮನೆಯಲ್ಲಿ ಒಬ್ಬರಾದ ಮೇಲೆ ಒಬ್ಬರು ಮಲಗುತ್ತಾರೆ. ಜಿಪಿ, ಅಂದರೆ ಇಲ್ಲಿ ಮೊದಲು ನೋಡುವ ಸಾಮಾನ್ಯ ವೈದ್ಯರ ಹತ್ತಿರ ಹೋಗುತ್ತೀರಿ. ಅವರು ಬಾಯಿ ತೆಗೆಸಿ ನೋಡುತ್ತಾರೆ. ‘ವೈರಲ್ ಇದು, ಪ್ಯಾರಸಿಟಮಾಲ್ ತಗೊಳ್ಳಿ, ಕಡಿಮೆ ಆಗದಿದ್ದರೆ ಮತ್ತೆ ಬನ್ನಿ’ ಅನ್ನುತ್ತಾರೆ. ಚೀಟಿ ಇಲ್ಲ, ಇಂಜೆಕ್ಷನ್ ಇಲ್ಲ. ಹತ್ತು ದಿನ ಕಳೆದರೂ ಉಗುಳು ನುಂಗಿದರೆ ನೋವು. ಆಗ ಹೊಸಬರೆಲ್ಲ ನನ್ನನ್ನು ಕೇಳುವುದು ಒಂದೇ: ಮತ್ತೆ ಹೋದರೆ ಇನ್ನೇನು ಹೇಳುತ್ತಾರೆ, ಅದೇ ಪ್ಯಾರಸಿಟಮಾಲ್ ತಾನೇ?

ಹೋಗಿ. ಆ ‘ಮತ್ತೆ ಬನ್ನಿ’ ಬಾಯಿಮಾತಿಗೆ ಹೇಳಿದ್ದಲ್ಲ. ಇಲ್ಲಿಯ ವೈದ್ಯರು ಕೆಲಸ ಮಾಡುವ ರೀತಿಯೇ ಅದು. ಮೊದಲ ಸಲ ಕಾಯುತ್ತಾರೆ. ಕಾದರೂ ಹೋಗದಿದ್ದರೆ ಕಾರಣ ಹುಡುಕುತ್ತಾರೆ. ನೀವು ಎರಡನೇ ಸಲ ಹೋಗದಿದ್ದರೆ ಅವರ ಪಾಲಿಗೆ ನಿಮಗೆ ವಾಸಿಯಾಗಿದೆ. ಯಾರೂ ಫೋನ್ ಮಾಡಿ ವಿಚಾರಿಸುವುದಿಲ್ಲ.

ನಮಗೆ ಇದು ಕಷ್ಟ, ಯಾಕೆ ಅಂತ ನನಗೆ ಗೊತ್ತು. ಊರಿನಲ್ಲಿ ನಮ್ಮ ಗಂಟಲನ್ನು ನಾವೊಬ್ಬರೇ ನೋಡಿಕೊಂಡವರಲ್ಲ. ಹಾಲು ತರಲು ಹೋದರೆ ಅಂಗಡಿಯವರು ‘ಏನ್ ಸಾರ್, ಇನ್ನೂ ಗಂಟಲು ಸರಿಹೋಗಿಲ್ವಾ?’ ಅನ್ನುತ್ತಿದ್ದರು. ಪಕ್ಕದ ಮನೆಯವರು ‘ಹದಿನೈದು ದಿನ ಆಯ್ತಲ್ಲ, ಒಂದ್ಸಲ ತೋರಿಸಿ ಬನ್ನಿ’ ಅನ್ನುತ್ತಿದ್ದರು. ಮನೆ ಡಾಕ್ಟರಿಗೆ ನಮ್ಮಪ್ಪನ ಸಕ್ಕರೆ ಕಾಯಿಲೆಯೂ ಗೊತ್ತು, ನಮಗೆ ಚಿಕ್ಕಂದಿನಲ್ಲಿ ಬಂದ ಜ್ವರವೂ ಗೊತ್ತು. ಇಲ್ಲಿ ಸೋಮವಾರದ ನಿಮ್ಮ ದನಿಯನ್ನು ಮುಂದಿನ ಸೋಮವಾರವೂ ಕೇಳುವವರು ಎಷ್ಟು ಜನ? ಮನೆಯಿಂದಲೇ ಕೆಲಸ ಮಾಡುವ, ಒಬ್ಬರೇ ಇರುವ ಹುಡುಗ ಹುಡುಗಿಯರಿಗೆ ಅದೂ ಇಲ್ಲ. ಸಲೀಸಾಗಿ ಸಿಗುತ್ತಿದ್ದ ಆ ವಿಚಾರಣೆ ಇಲ್ಲಿ ಸಿಗುವುದಿಲ್ಲ. ದಿನ ಎಣಿಸುವ ಕೆಲಸ ನಿಮ್ಮದೇ. ಗಂಟಲು ಹಿಡಿದ ದಿನವೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಸಾಮಾನ್ಯ ಗಂಟಲು ನೋವು ಸುಮಾರು ಒಂದು ವಾರದಲ್ಲಿ ತಾನಾಗಿಯೇ ಹೋಗುತ್ತದೆ. ಹೆಚ್ಚಿನವು ವೈರಸ್ಸಿನಿಂದ ಬರುವಂಥವು, ಆಂಟಿಬಯೋಟಿಕ್ ಅವಕ್ಕೆ ನಾಟುವುದಿಲ್ಲ. ಬ್ಯಾಕ್ಟೀರಿಯಾದ್ದೇ ಇದ್ದರೂ ಆಂಟಿಬಯೋಟಿಕ್ ತಗೊಂಡವರಿಗೆ ತಗೊಳ್ಳದವರಿಗಿಂತ ನೋವು ಸರಾಸರಿ ಒಂದು ದಿನಕ್ಕೂ ಕಡಿಮೆ ಅವಧಿಯಷ್ಟೇ ಮುಂಚೆ ಹೋಗುತ್ತದೆ. ಹಾಗಾಗಿ ಮೊದಲ ಸಲ ಬರಿಗೈಲಿ ಕಳಿಸಿದರು ಅಂತ ಸಿಟ್ಟು ಮಾಡಿಕೊಳ್ಳಬೇಡಿ. ಆದರೆ ವಾರ ಕಳೆದರೂ ಇಳಿಯದಿದ್ದರೆ, ಜ್ವರ ಬಂದು ಮೈ ನಡುಗುತ್ತಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ, ಕೀಮೋ ನಡೆಯುತ್ತಿದ್ದರೆ, ಪದೇ ಪದೇ ಹೀಗೇ ಆಗುತ್ತಿದ್ದರೆ ಮತ್ತೆ ತೋರಿಸಲೇಬೇಕು. ಇದು ಇಲ್ಲಿಯ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ತಾನೇ ಹೇಳುವ ಮಾತು. ಸಂಕೋಚ ಬೇಡ.

ಉಸಿರಾಟಕ್ಕೆ ಕಷ್ಟವಾಗುತ್ತಿದ್ದರೆ, ನೀರೂ ನುಂಗಲಾಗದೆ ಜೊಲ್ಲು ಸುರಿಯುತ್ತಿದ್ದರೆ, ಉಸಿರೆಳೆದಾಗ ಕೀರಲು ಸದ್ದು ಬರುತ್ತಿದ್ದರೆ ಜಿಪಿಗೆ ಕಾಯಬೇಡಿ, ತುರ್ತು ನಂಬರ್ 999ಕ್ಕೆ ಫೋನ್ ಮಾಡಿ. ಒಂದೇ ಕಡೆ ಜೋರಾಗಿ ನೋವು, ಬಾಯಿ ತೆರೆಯಲು ಆಗುತ್ತಿಲ್ಲ, ಮಾತು ಬಾಯೊಳಗೆ ಏನೋ ಇಟ್ಟುಕೊಂಡ ಹಾಗೆ ಕೇಳುತ್ತಿದೆ ಅಂದರೆ ಟಾನ್ಸಿಲ್ ಪಕ್ಕದಲ್ಲಿ ಕೀವು ಕಟ್ಟಿರಬಹುದು. ಅದನ್ನೂ ಅದೇ ದಿನ ತೋರಿಸಬೇಕು. ಏನು ಮಾಡಬೇಕು ಅಂತ ಗೊತ್ತಾಗದಿದ್ದರೆ ಎನ್‌ಎಚ್‌ಎಸ್ ಸಲಹೆಯ ನಂಬರ್ 111ಕ್ಕೆ ಫೋನ್ ಮಾಡಿ, ರಾತ್ರಿಯೂ ಎತ್ತುತ್ತಾರೆ.

ಜಿಪಿಗೆ ಹೆಸರು ಕೊಡುವುದು ಸುಲಭ, ವೀಸಾ ಅಥವಾ ವಿಳಾಸದ ಪುರಾವೆ ಕಡ್ಡಾಯವಲ್ಲ, ಬಂದ ವಾರವೇ ಮುಗಿಸಿಬಿಡಿ.

ಹೊಸಬರಲ್ಲಿ ಬಹಳ ಮಂದಿಗೆ ಗೊತ್ತಿಲ್ಲದ ಒಂದು ದಾರಿ ಫಾರ್ಮಸಿ. 2024ರ ಜನವರಿ ಕೊನೆಯಿಂದ ಇಂಗ್ಲೆಂಡಿನಲ್ಲಿ ಫಾರ್ಮಸಿ ಫಸ್ಟ್ ಅಂತ ಏರ್ಪಾಡಿದೆ. ಐದು ವರ್ಷ ದಾಟಿದವರ ಗಂಟಲು ನೋವನ್ನು ಫಾರ್ಮಸಿಸ್ಟೇ ನೋಡಿ, ಬೇಕಿದ್ದರೆ ಆಂಟಿಬಯೋಟಿಕ್ ಕೊಡಬಹುದು. ಕೌಂಟರಿನ ಪಕ್ಕ ಒಂದು ಪುಟ್ಟ ಕೋಣೆ ಇರುತ್ತದೆ. ಎರಡು ಕುರ್ಚಿ, ಒಂದು ಟಾರ್ಚು. ಕುತ್ತಿಗೆ ಮುಟ್ಟಿ ಗಂಟು ನೋಡುತ್ತಾರೆ. ಐದು ವಿಷಯ ಗಮನಿಸುತ್ತಾರೆ: ಕಳೆದ ಒಂದು ದಿನದಲ್ಲಿ ಜ್ವರ ಇತ್ತಾ, ಟಾನ್ಸಿಲ್ ಮೇಲೆ ಕೀವಿದೆಯಾ, ಶುರುವಾಗಿ ಮೂರು ದಿನದೊಳಗೆ ಬಂದಿದ್ದೀರಾ, ಟಾನ್ಸಿಲ್ ತುಂಬ ಕೆಂಪಾಗಿ ಊದಿದೆಯಾ, ಕೆಮ್ಮು ನೆಗಡಿ ಇಲ್ಲವಾ. ಒಂದೊಂದಕ್ಕೂ ಒಂದು ಅಂಕ. ಜಾಸ್ತಿ ಬಂದರೆ ಬ್ಯಾಕ್ಟೀರಿಯಾದ ಅನುಮಾನ ಜಾಸ್ತಿ. ನಮ್ಮವರು ಕೆಮ್ಮನ್ನು ದೊಡ್ಡದು ಮಾಡಿ ಹೇಳುತ್ತಾರೆ, ಹೇಳಿದರೆ ಔಷಧಿ ಕೊಡುತ್ತಾರೆ ಅಂತ. ಆಗುವುದು ತಿರುಗುಮುರುಗು. ಕೆಮ್ಮು ನೆಗಡಿ ಇದ್ದರೆ ಅದು ವೈರಲ್ ಅನ್ನುವುದಕ್ಕೇ ಬಲ ಬರುತ್ತದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿ, ಅಷ್ಟು ಸಾಕು.

ಜಿಪಿ ಹತ್ತಿರ ಎರಡನೇ ಸಲ ಹೋಗುವಾಗ ಮಾತ್ರ ತಯಾರಾಗಿ ಹೋಗಿ. ಸಿಗುವುದು ಹತ್ತು ನಿಮಿಷ, ಹೋದ ಸಲದ ಡಾಕ್ಟರೇ ಸಿಗುತ್ತಾರೆ ಅನ್ನುವ ಹಾಗಿಲ್ಲ. ‘ಇನ್ನೂ ನೋವಿದೆ’ ಅಂದರೆ ಅವರಿಗೆ ಹಿಡಿ ಸಿಗುವುದಿಲ್ಲ. ಹೀಗೆ ಹೇಳಿ: ‘ಇದೇ ತೊಂದರೆಗೆ ಎರಡನೇ ಸಲ ಬರುತ್ತಿದ್ದೇನೆ. ಶುರುವಾಗಿ ಇಷ್ಟು ದಿನ ಆಯಿತು. ಹೋದ ಸಲ ಹೇಳಿದ್ದನ್ನೆಲ್ಲ ಮಾಡಿದೆ. ಈಗ ಇದು ಹೊಸದಾಗಿ ಶುರುವಾಗಿದೆ.’ ಅನ್ನ ನುಂಗುವಾಗ ಸಿಕ್ಕಿಕೊಳ್ಳುತ್ತದೆಯಾ, ತೂಕ ಇಳಿದಿದೆಯಾ, ನೋವು ಕಿವಿಗೆ ಹೋಗುತ್ತದೆಯಾ, ಇವನ್ನು ಅವರು ಕೇಳುವ ಮೊದಲೇ ಹೇಳಿ. ಫೋನ್ ಎತ್ತುವ ರಿಸೆಪ್ಷನಿಸ್ಟ್ ಏನು ತೊಂದರೆ ಅಂತ ಕೇಳಿದರೆ ಅವರಿಗೂ ಇದನ್ನೇ ಹೇಳಿ. ‘ಡಾಕ್ಟರಿಗೇ ಹೇಳ್ತೀನಿ’ ಅಂದುಬಿಟ್ಟರೆ ನಿಮ್ಮ ಸರದಿ ಹಿಂದೆ ಬೀಳುತ್ತದೆ. ಹೊರಡುವ ಮೊದಲು ಒಂದು ಪ್ರಶ್ನೆ ಕೇಳಿ: ಯಾವಾಗ, ಏನಾದರೆ ಮತ್ತೆ ಬರಬೇಕು? ಉತ್ತರವನ್ನು ಬರೆದುಕೊಳ್ಳಿ.

ನೀವಾಗಿಯೇ ಬಾಯಿ ಬಿಡದಿದ್ದರೆ ಅವರಿಗೆ ಹೊಳೆಯದ ಸಂಗತಿಗಳೂ ಇವೆ. ಒಂದು, ರುಮ್ಯಾಟಿಕ್ ಜ್ವರ. ಗಂಟಲು ನೋವು ತರುವ ಒಂದು ಬ್ಯಾಕ್ಟೀರಿಯಾದ ಸೋಂಕಿನ ನಂತರ ಬರುವ ಈ ಜ್ವರ ಮುಂದೆ ಹೃದಯದ ಕವಾಟಗಳನ್ನು ಹಾಳು ಮಾಡಬಲ್ಲದು. ನಮ್ಮಲ್ಲಿ ಅದು ಇನ್ನೂ ಇದೆ, ಇಲ್ಲಿ ತೀರ ಅಪರೂಪ. ಚಿಕ್ಕಂದಿನಲ್ಲಿ ನಿಮಗೆ ಆ ಜ್ವರ ಬಂದಿದ್ದರೆ, ಪೆನಿಸಿಲಿನ್ ಇಂಜೆಕ್ಷನ್ ತಗೊಳ್ಳುತ್ತಿದ್ದರೆ ಮೊದಲ ಮಾತೇ ಅದಾಗಬೇಕು. ಅದು ಗೊತ್ತಾದರೆ ಅವರ ತೀರ್ಮಾನವೇ ಬದಲಾಗುತ್ತದೆ. ಎರಡು, ಥೈರಾಯ್ಡ್ ಜಾಸ್ತಿಯಾಗಿ ಕಾರ್ಬಿಮಜೋಲ್ ತಗೊಳ್ಳುವವರು. ಊರಿನಲ್ಲಿ ಇದನ್ನು ನಿಯೋಮರ್ಕಜೋಲ್ ಅಂತ ಕೊಡುತ್ತಾರೆ. ಇದು ಕೆಲವರಲ್ಲಿ ಬಿಳಿ ರಕ್ತಕಣಗಳನ್ನು ಪೂರ್ತಿ ಇಳಿಸಿಬಿಡುತ್ತದೆ, ಅದರ ಮೊದಲ ಸೂಚನೆ ಗಂಟಲು ನೋವೇ ಇರಬಹುದು. ಅಂಥವರು ವಾರ ಕಾಯುವಂತಿಲ್ಲ. ಅದೇ ದಿನ ರಕ್ತ ಪರೀಕ್ಷೆ ಆಗಬೇಕು.

ಮೂರನೆಯದು ಅಡಿಕೆ, ತಂಬಾಕಿನ ಅಭ್ಯಾಸ, ಬಾಯಿ ಗಂಟಲಿನ ಕ್ಯಾನ್ಸರಿಗೆ ಅದು ದಾರಿ. ಇದನ್ನು ಹೇಳಲು ನಾಚಿಕೆಪಡುವವರನ್ನು ಕಂಡು ನನಗೆ ಸಂಕಟವಾಗುತ್ತದೆ. ಬಾಯಲ್ಲಿ ಮೂರು ವಾರ ಕಳೆದರೂ ಮಾಯದ ಹುಣ್ಣು, ಕುತ್ತಿಗೆಯಲ್ಲಿ ಕಾರಣವಿಲ್ಲದ ಗಂಟು, ಮೂರು ವಾರವಾದರೂ ಬಿಡದ ದನಿ ಒಡಕು, ಇವಕ್ಕೆಲ್ಲ ಇಲ್ಲಿ ಬೇಗ ಪರೀಕ್ಷೆ ಮಾಡಿಸುವ ದಾರಿಯಿದೆ. ದನಿ ಒಡೆದವರು 45 ದಾಟಿದ್ದರಂತೂ ಜಿಪಿ ಇನ್ನೂ ಹುಷಾರಾಗುತ್ತಾರೆ. ಹೆಚ್ಚಿನವರಿಗೆ ಏನೂ ಇರುವುದಿಲ್ಲ. ಇದ್ದವರಿಗೆ ಬೇಗ ಹೋಗಿದ್ದೇ ಜೀವ ಉಳಿಸುತ್ತದೆ.

ಸೋಂಕೇ ಇಲ್ಲದೆ ವಾರಗಟ್ಟಲೆ ಎಳೆಯುವ ಗಂಟಲೂ ಇದೆ. ರಾತ್ರಿ ತಡವಾಗಿ ಉಂಡು ಮಲಗಿದರೆ ಹುಳಿ ಮೇಲೆ ಬಂದು ಗಂಟಲು ಸುಡುತ್ತದೆ. ಬೆಳಗ್ಗೆ ಎದ್ದಾಗ ಕೆರೆತ, ಹಗಲು ಕಡಿಮೆ ಅಂದರೆ ಅದನ್ನು ಯೋಚಿಸಿ. ಮೂಗಿನಿಂದ ಹಿಂದಕ್ಕೆ ಇಳಿಯುವ ಕಫ, ರಾತ್ರಿಯಿಡೀ ಉರಿಯುವ ಹೀಟರಿನ ಒಣ ಗಾಳಿಯೂ ಕಾರಣವಾಗುತ್ತವೆ. ಸ್ಟಿರಾಯ್ಡ್ ಇನ್‌ಹೇಲರ್ ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳದಿದ್ದರೆ ಗಂಟಲಲ್ಲಿ ಬೂಷ್ಟು ಬೆಳೆಯಬಹುದು.

ಶುಂಠಿ ಮೆಣಸಿನ ಕಷಾಯ, ಉಪ್ಪುನೀರು ಮುಕ್ಕಳಿಸುವುದು, ಜೇನು ಎಲ್ಲ ಮಾಡಿ, ಹಿತವಾಗಿರುತ್ತದೆ. ವರ್ಷ ತುಂಬದ ಕೂಸಿಗೆ ಮಾತ್ರ ಜೇನು ಬೇಡವೇ ಬೇಡ. ಮಾತ್ರೆಯ ವಿಷಯದಲ್ಲಿ ಹುಷಾರು. ಊರಿಂದ ತಂದ ಡೋಲೋ 650 ನುಂಗಿ, ಮೇಲೆ ಬಿಸಿನೀರಿಗೆ ಬೆರೆಸುವ ಇಲ್ಲಿಯ ನೆಗಡಿ ಪುಡಿ ಲೆಮ್‌ಸಿಪ್ ಕುಡಿಯುತ್ತಾರೆ. ಎರಡರಲ್ಲೂ ಇರುವುದು ಪ್ಯಾರಸಿಟಮಾಲೇ. ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಮೀರಬಾರದು, ಅಂದರೆ ಇಲ್ಲಿಯ 500ರ ಮಾತ್ರೆ ಎಂಟು. ಸೂಟ್‌ಕೇಸಿನಲ್ಲಿರುವ ಅಜಿತ್ರೋಮೈಸಿನ್ ಆಂಟಿಬಯೋಟಿಕ್ ಪಟ್ಟಿಯನ್ನು ನೀವಾಗಿಯೇ ಶುರು ಮಾಡಬೇಡಿ. ಮಾಡಿದ್ದರೆ ಜಿಪಿಗೆ ಹೇಳಿಬಿಡಿ, ಯಾರೂ ಬೈಯುವುದಿಲ್ಲ. ಮುಚ್ಚಿಟ್ಟರೆ ಅವರ ಪರೀಕ್ಷೆಯೇ ದಾರಿ ತಪ್ಪುತ್ತದೆ.

ಬಾಣಂತನಕ್ಕೋ ಮೊಮ್ಮಕ್ಕಳನ್ನು ನೋಡಲೋ ಬರುವ ಅಪ್ಪ ಅಮ್ಮನ ಮಾತು ಬೇರೆ. ಅವರು ನಿಮಗೆ ಹೊರೆಯಾಗಬಾರದು ಅಂತ ನೋವನ್ನು ನುಂಗಿಕೊಳ್ಳುತ್ತಾರೆ. ಜಿಪಿ ನೋಡುವುದಕ್ಕೆ ಇಂಗ್ಲೆಂಡಿನಲ್ಲಿ ಅವರಿಂದಲೂ ದುಡ್ಡು ತಗೊಳ್ಳುವುದಿಲ್ಲ. ಆಸ್ಪತ್ರೆಗೆ ಸೇರಿಸಿದರೆ ಬಿಲ್ ದೊಡ್ಡದಾಗುತ್ತದೆ, ಅದಕ್ಕೆ ವಿಮೆ ಮಾಡಿಸಿಯೇ ಕರೆಸಿ. ಭಾಷೆಗೆ ದುಭಾಷಿ ಬೇಕು ಅಂತ ಬುಕ್ ಮಾಡುವಾಗಲೇ ಕೇಳಬಹುದು, ಅದಕ್ಕೆ ಹಣವಿಲ್ಲ. ಹತ್ತು ವರ್ಷದ ಮೊಮ್ಮಗಳನ್ನು ನಡುವೆ ಕೂರಿಸಿ ಅಜ್ಜಿಯ ಕಾಯಿಲೆ ಹೇಳಿಸಬೇಡಿ. ಅಜ್ಜಿ ಅವಳ ಮುಂದೆ ಎಲ್ಲವನ್ನೂ ಹೇಳುವುದಿಲ್ಲ, ಮಗುವಿನ ತಲೆಯಿಂದ ಆ ಭಯ ಬೇಗ ಹೋಗುವುದೂ ಇಲ್ಲ.

ಮಕ್ಕಳು ದೊಡ್ಡವರಾಗಿ ಯೂನಿವರ್ಸಿಟಿಗೆ ಹೋದ ಮೇಲೆ ನಾವೇ ಊರಿನ ಅಮ್ಮನ ಜಾಗಕ್ಕೆ ಬರುತ್ತೇವೆ. ಫೋನಿನಲ್ಲಿ ದನಿ ಕೇಳಿದರೇ ಗೊತ್ತಾಗುತ್ತದೆ, ಮಗ ಸರಿಯಾಗಿಲ್ಲ ಅಂತ. ಈ ವಯಸ್ಸಿನಲ್ಲಿ ಗಂಟಲು ನೋವು ಬಿಡದೆ, ಕುತ್ತಿಗೆಯಲ್ಲಿ ಗಂಟಾಗಿ, ಏಳಲೂ ಆಗದಷ್ಟು ಸುಸ್ತಾದರೆ ಗ್ಲಾಂಡ್ಯುಲರ್ ಫೀವರ್ ಅನ್ನುವ ವೈರಲ್ ಜ್ವರ ಇರಬಹುದು. ರಕ್ತ ಪರೀಕ್ಷೆಯಲ್ಲಿ ತಿಳಿಯುತ್ತದೆ. ಆಂಟಿಬಯೋಟಿಕ್ಕಿಗೆ ಬಗ್ಗುವುದಿಲ್ಲ, ಅಮಾಕ್ಸಿಸಿಲಿನ್ ಕೊಟ್ಟರಂತೂ ಮೈತುಂಬ ದದ್ದು ಏಳುವುದುಂಟು. ಹೊಟ್ಟೆಯ ಎಡಗಡೆ ಇರುವ ಗುಲ್ಮ (ಸ್ಪ್ಲೀನ್) ಊದುವುದರಿಂದ ಸುಮಾರು ಒಂದು ತಿಂಗಳು ರಗ್ಬಿ, ಫುಟ್‌ಬಾಲಿನಂಥ ಆಟ ಬೇಡ ಅನ್ನುತ್ತಾರೆ. ಹಾಗಾಗಿ ಕಾಲೇಜಿನ ಊರಿನ ಜಿಪಿಗೆ ಮೊದಲ ವಾರವೇ ಹೆಸರು ಕೊಡಿಸಿ. ಫೋನ್ ಮಾಡಿದಾಗ ‘ಊಟ ಆಯ್ತಾ’ ಜೊತೆಗೆ ಎಷ್ಟು ದಿನದಿಂದ ನೋವಿದೆ ಅಂತಲೂ ಕೇಳಿ. ವಾರ ದಾಟಿದೆ ಅಂದರೆ ಮಾತ್ರೆ ಪಾರ್ಸೆಲ್ ಮಾಡಬೇಡಿ, ಅಪಾಯಿಂಟ್‌ಮೆಂಟ್ ತಗೊಳ್ಳುವ ತನಕ ಬಿಡಬೇಡಿ.